ಮಲ್ಲಯ್ಯನಿಗೆ ಬಿಟ್ಟ ಸಿಹಿ

ಬನಹಟ್ಟಿಯಲ್ಲಿ ಚಹಾ ಬೇಡ ಅನ್ನುವುದು ಹುಡುಗಾಟದ ಮಾತಲ್ಲ. ಯಾರ ಮನೆಯ ಹೊಸ್ತಿಲು ದಾಟಿದರೂ ಒಲೆಯ ಮೇಲೆ ಪಾತ್ರೆ ಏರುತ್ತದೆ, ಅದರೊಳಗೆ ಕೈ ಬಿಚ್ಚಿ ಸಕ್ಕರೆ ಬೀಳುತ್ತದೆ. ಬೇಡ ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಡಾಕ್ಟರು ಬೇಡ ಅಂದಿದ್ದಾರೆ ಅಂದಿರೋ, ಮುಗಿಯಿತು ನಿಮ್ಮ ಕತೆ. ಡಾಕ್ಟರಿಗೇನು ಗೊತ್ತು, ಅರ್ಧ ಕಪ್ಪಿನಿಂದ ಯಾರು ಸತ್ತಿದ್ದಾರೆ, ನಮ್ಮ ಮಾವನಿಗೂ ಇತ್ತು, ಹೋಗಲಿ ಬೆಲ್ಲದ ಚಹಾ ಮಾಡಲೇ, ಬೆಲ್ಲ ನಡೆಯುತ್ತದೆ! ಈ 'ಬೆಲ್ಲ ನಡೆಯುತ್ತದೆ' ಎಂಬ ಮಾತನ್ನು ಮೊದಲು ಆಡಿದವರು ಯಾರೋ, ಅವರ ಬಾಯಿಗೆ ಒಂದು ಮುಷ್ಟಿ ಮೆಂತ್ಯ ಬೀಳಲಿ. ಮಹಾಲಿಂಗಪುರದ ಬೆಲ್ಲ ಪಕ್ಕದಲ್ಲೇ ಸಿಗುವ ಈ ಸೀಮೆಯಲ್ಲಿ ಶುಗರ್ ಇದ್ದವರು ಸಕ್ಕರೆ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿ, ಬೆಲ್ಲದ ಡಬ್ಬಿಯನ್ನು ಕೆಳಗಿಳಿಸಿ, ಪಥ್ಯ ಮಾಡಿದೆವು ಎಂದು ನೆಮ್ಮದಿಯಾಗಿ ನಿದ್ದೆ ಹೋಗುತ್ತಾರೆ.

ಶೇವಂತಿಯೂ ಹಾಗೆಯೇ ನಿದ್ದೆ ಹೋಗಿದ್ದವಳು. ಐವತ್ತು ದಾಟಿದ ಹೆಂಗಸು. ಗಂಡ ಮಲಕಾಜಪ್ಪ ಮತ್ತು ಮಗ ಸುಭಾಷ್ ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತಿದ್ದರು. ನೂಲನ್ನು ಕಂಡಿಕೆಗೆ ಸುತ್ತಿ ಕೊಡುವ ಕೆಲಸ ಇವಳದು. ಬೆಳಿಗ್ಗೆ ಗುಳಿಗೆ ನುಂಗಿ ಕೆಲಸಕ್ಕೆ ಕುಳಿತಳೆಂದರೆ ಹೊಟ್ಟೆಯ ನೆನಪು ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೈಕಾಲು ನಡುಗಿ ಕಣ್ಣು ಕತ್ತಲೆ ಬರುತ್ತಿತ್ತು. ಆಗ ಎದ್ದು ನಾಲ್ಕೈದು ರೊಟ್ಟಿ ಒಟ್ಟಿಗೇ ಮುರಿಯುತ್ತಿದ್ದಳು, ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರಿಗೆ ಒಳ್ಳೆಯದೇ ಎಂಬ ನಂಬಿಕೆಯಿಂದ. ಮೇಲೊಂದು ಬೆಲ್ಲದ ಚಹಾ. ಸಂಜೆಗೆ ತಲೆ ಭಾರ, ಬಾಯಿ ಒಣ, ಕಾಲಲ್ಲಿ ಉರಿ. ಜಮಖಂಡಿಯ ಡಾಕ್ಟರ್ ಸಂಘಮಿತ್ರಾ ರಿಪೋರ್ಟ್ ನೋಡಿ ಕನ್ನಡಕ ತೆಗೆದಿಟ್ಟರು.

“ಅಕ್ಕಾರ, ನಿಮ್ಮ ಶುಗರ್ ಬರೇ ಏರಿದ್ರ ನಾ ಇಷ್ಟ ಹೆದರತಿದ್ದಿಲ್ಲ. ಇದು ನಿಮ್ಮ ಮಗ್ಗದ ಲಾಳಿ ಹಂಗ ಆ ಕಡಿಯಿಂದ ಈ ಕಡಿ, ಈ ಕಡಿಯಿಂದ ಆ ಕಡಿ ಓಡಾಕತ್ತೈತಿ. ಏರೂದೂ ಕೆಟ್ಟ, ಇಳಿಯೂದೂ ಕೆಟ್ಟ. ನಡುವ ನಿಂದ್ರಸಬೇಕು.”

“ಶ್ರೀಶೈಲಕ್ಕ ನಡಕೋತ ಹೋಗಬೇಕಂತ ಮಾಡೇನ್ರಿ,” ಎಂದಳು ಶೇವಂತಿ. ಕೇಳಿದ್ದಕ್ಕೆ ಉತ್ತರವಲ್ಲ ಅದು. ಆದರೆ ಅವಳು ಬಂದದ್ದೇ ಆ ಮಾತು ಕೇಳಲು.

ವರ್ಷ ವರ್ಷ ಯುಗಾದಿಗೆ ಮುಂಚೆ ಈ ಕಡೆಯ ಊರೂರಿನಿಂದ ಜನ ಹೆಗಲ ಮೇಲೆ ದೇವರ ಕಂಬಿ ಹೊತ್ತು ಶ್ರೀಶೈಲದ ಮಲ್ಲಯ್ಯನಲ್ಲಿಗೆ ನಡೆದು ಹೋಗುತ್ತಾರೆ. ಮಲಕಾಜಪ್ಪ ಮೀಸೆ ಮೂಡಿದಂದಿನಿಂದ ಹೋಗಿ ಬಂದವನು. ಅವನು ಹೋದಾಗಲೆಲ್ಲ ಮನೆ ಮಗ್ಗ ಎರಡನ್ನೂ ಹೊತ್ತವಳು ಶೇವಂತಿ. ಅವನು ತಂದ ವಿಭೂತಿ ಹಚ್ಚಿಕೊಂಡು, ಅವನ ಕಾಲಿಗೆ ಬಿಸಿನೀರು ಹಾಕಿ, ದಾರಿಯ ಕತೆ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಈ ವರ್ಷ ನಾನು ಹೋಗುತ್ತೇನೆ, ನೀವು ಮನೆಯಲ್ಲಿ ಕೂಡ್ರಿ ಎಂದಿದ್ದಳು. ಮಲಕಾಜಪ್ಪ ಒಳ್ಳೆಯ ಮನುಷ್ಯ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಆಗಲಿ ಅಂದುಬಿಟ್ಟ. ತಕರಾರು ಬಂದದ್ದು ಮಗನಿಂದ.

ಡಾಕ್ಟರು ಬೇಡ ಎನ್ನಲಿಲ್ಲ. ಕಾಲಿನ ಬೆರಳಿನ ಸಂದುಗಳನ್ನೂ ಬಿಡದೆ ನೋಡಿ, ಇನ್ನೂ ತಿಂಗಳುಗಳಿವೆ, ತಯಾರಿ ಮಾಡಿ ತೋರಿಸಿ ಎಂದರು. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಊಟ. ಮೊದಲು ಪಲ್ಯ, ಮೊಳಕೆ ಬಂದ ಮಡಕಿ ಕಾಳು, ಆಮೇಲೆ ರೊಟ್ಟಿ, ಅದೂ ಎಣಿಸಿ. ಉಂಡ ಮೇಲೆ ಕೂಡ್ರದೆ ಅಡ್ಡಾಡುವುದು. ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿಕೊಳ್ಳುವುದು. ಇವಿಷ್ಟನ್ನು ಮಾಡಿದರೆ ಗುಳಿಗೆಯ ಕೆಲಸ ಹಗುರಾಗುತ್ತದೆ, ಆದರೆ ಗುಳಿಗೆಯನ್ನು ನಾನು ಹೇಳದೆ ಹೆಚ್ಚು ಕಡಿಮೆ ಮಾಡಬೇಡಿ ಅಂತ ಬೇರೆ ತಾಕೀತು ಮಾಡಿದರು.

ಎಲ್ಲವನ್ನೂ ಮಾಡಿದಳು. ಉಂಡು ಓಣಿಯಲ್ಲಿ ಅಡ್ಡಾಡುವವಳನ್ನು ನೋಡಿ ಕಟ್ಟೆಯ ಮೇಲಿನವರು, ಏನು ಶೇವಂತಕ್ಕ, ಯಾರ ಮನೆ ಕಾಯುತ್ತೀ ಅಂತ ನಕ್ಕರೆ, ನಿಮ್ಮದೇ, ಕಳ್ಳರು ಬಂದರೆ ಕೂಗುತ್ತೇನೆ ಮಲಗಿರಿ ಅನ್ನುತ್ತಿದ್ದಳು. ಸೋತದ್ದು ಒಂದೇ ಕಡೆ, ಮಂದಿಯ ಚಹಾದ ಮುಂದೆ. ಬೇಡ ಬೇಡ ಎನ್ನುತ್ತಲೇ ಕಪ್ಪು ಕೈಗೆ ಬಂದಿರುತ್ತಿತ್ತು. ಬಂದದ್ದನ್ನು ಕೆಳಗಿಡುವ ಧೈರ್ಯ ಅವಳಿಗಿರಲಿಲ್ಲ.

ಒಂದು ಸೋಮವಾರ ಅವಳಿಗೆ ಉಪಾಯ ಹೊಳೆಯಿತು. ಎದುರು ಮನೆಯ ಭಾಗವ್ವ, ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಮಾತ್ರ ಚಿಕ್ಕ ಹುಡುಗಿಯದು, ತಟ್ಟೆಯಲ್ಲಿ ಶೇಂಗಾ ಹೋಳಿಗೆ ತಂದು ನಿಂತಾಗ ಶೇವಂತಿ ಕೈ ಮುಗಿದು ಹೇಳಿಬಿಟ್ಟಳು:

“ಬ್ಯಾಡ ಯಕ್ಕಾ. ಸಿಹಿ ಮಲ್ಲಯ್ಯಗ ಬಿಟ್ಟೇನಿ. ಶ್ರೀಶೈಲ ಮುಟ್ಟೂತನಕ ಬೆಲ್ಲ ಇಲ್ಲ, ಸಕ್ಕರಿ ಇಲ್ಲ.”

ಭಾಗವ್ವ ತಟ್ಟೆಯನ್ನು ಹಿಂದಕ್ಕೆ ಸರಿಸಿದಳು. ಒತ್ತಾಯವಿಲ್ಲ. “ಛಲೋ ಮಾಡಿದಿ ಬಿಡವಾ,” ಎಂದು ತಾನೇ ಕೈ ಮುಗಿದಳು. ಡಾಕ್ಟರ ಹೆಸರಿಗೆ ಬಗ್ಗದ ಓಣಿ ಮಲ್ಲಯ್ಯನ ಹೆಸರಿಗೆ ತಟ್ಟನೆ ಬಗ್ಗಿತು. ಅಂದಿನಿಂದ ಯಾರ ಮನೆಗೆ ಹೋದರೂ ಅವಳಿಗೆ ಮಜ್ಜಿಗೆ. ದೇವರಿಗೆ ಬಿಟ್ಟದ್ದನ್ನು ಬಾಯಿಗೆ ತುರುಕುವ ಪಾಪ ಯಾರಿಗೆ ಬೇಕು? ಮೀಟರು ತಿಂಗಳೊಪ್ಪತ್ತಿನಲ್ಲಿ ಶಾಂತವಾಯಿತು. ಡಾಕ್ಟರು ಬೆನ್ನು ತಟ್ಟಿದರು. ಹರಕೆಯ ಸುದ್ದಿಯನ್ನು ಶೇವಂತಿ ಅವರಿಗೆ ಹೇಳಲಿಲ್ಲ. ಅದು ದೇವರ ಮತ್ತು ತನ್ನ ನಡುವಿನ ವ್ಯವಹಾರ, ನಡುವೆ ಇಂಗ್ಲಿಷ್ ಔಷಧಿಯವರೇಕೆ ಅಂತ ಅವಳ ಲೆಕ್ಕ.

ಹೊರಡುವ ಮುಂಚೆ ಡಾಕ್ಟರು ಮತ್ತೆ ಹೇಳಿದರು: ನಡೆಯುವ ದಿನ ಬೆಳಗಿನ ಗುಳಿಗೆ ಅರ್ಧ, ಅದೂ ಏನಾದರೂ ತಿಂದು. ಕೈ ನಡುಗಿದರೆ, ಬೆವರಿದರೆ ಕೂಡಲೇ ಮೂರು ಚಮಚ ಸಕ್ಕರೆ ಇಲ್ಲವೇ ಗ್ಲುಕೋಸ್. ಅದನ್ನು ಸಂಚಿಯಲ್ಲೇ ಇಟ್ಟುಕೊಂಡಿರಿ. ಶೇವಂತಿ ಹೂಂ ಹೂಂ ಎಂದಳು. ಗ್ಲುಕೋಸ್ ಪ್ಯಾಕೆಟ್ಟನ್ನು ಮನೆಯ ಗೋಡೆಯ ಮಾಡದಲ್ಲೇ ಬಿಟ್ಟಳು. ಬಿಟ್ಟ ಮೇಲೆ ಬಿಟ್ಟಂತೆಯೇ, ಜೊತೆಗೆ ಕಟ್ಟಿಕೊಂಡು ಹೋಗುವುದೆಂಥ ಭಕ್ತಿ?

ಸುಭಾಷನದು ಬೇರೆ ಷರತ್ತು. “ಯವ್ವಾ, ಖರೆ ಹೇಳತೇನಿ ಕೇಳ್. ದಾರ್‍ಯಾಗ ನಿನ್ನ ಶುಗರ್ ಒಮ್ಮೆ ಕೈ ಕೊಟ್ಟತಂದ್ರ ನನಗ ಫೋನ್ ಮಾಡಬೇಕು. ನಾ ಬಂದು ಗಾಡಿ ಮ್ಯಾಲ ಕರಕೊಂಡ ಬರಾಂವ. ಆವಾಗ ಅಳೂದು, ಜಗಳಾಡೂದು ಏನೂ ನಡಿಯಂಗಿಲ್ಲ.”

“ಕೈ ಕೊಡೂದಿಲ್ಲ.”

“ಕೊಟ್ರ?”

“ಫೋನ್ ಮಾಡತೇನಿ, ಆತಲ್ಲ?” ಎಂದಳು. ಕೊಟ್ಟ ಮಾತು ಅವಳ ಪಾಲಿಗೆ ಮಾತೇ. ಆದ್ದರಿಂದಲೇ ಎದೆಯಲ್ಲಿ ಒಂದು ಅಳುಕು ಉಳಿಯಿತು.

ಮೊದಲ ದಿನ ಜಮಖಂಡಿಯವರೆಗೆ ಅವಳು ನಡೆದಳೋ ಹಾರಿದಳೋ ಹೇಳಲಾಗದು. ಮುಂದೆ ಕಂಬಿ, ಹಿಂದೆ ಹಾಡುವವರು, ದಾರಿಯುದ್ದಕ್ಕೂ ದಾಸೋಹದ ಪೆಂಡಾಲುಗಳು. ಬನ್ನಿ, ಪ್ರಸಾದ ತಗೊಳ್ಳಿ ಎಂದು ಕೈ ಹಿಡಿದು ಎಳೆಯುವ ಜನ. ಶಿರಾ, ಹುಗ್ಗಿ, ಬೂಂದಿ, ಶರಬತ್ತು. ಶೇವಂತಿ ಎಲ್ಲಕ್ಕೂ ಒಂದೇ ಮಂತ್ರ ಹೇಳಿ ಮುಂದೆ ಸಾಗಿದಳು. ಗಂಟಿನಲ್ಲಿ ಅವಳದೇ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹುರಿದ ಪುಟಾಣಿ ಇತ್ತು. ಸುತ್ತಲಿನವರು ಅವಳನ್ನು ತೋರಿಸಿ ಮೆಲ್ಲಗೆ ಮಾತಾಡುತ್ತಿದ್ದರು, ಅವಳ ಕಿವಿಗೆ ಅದು ಹಿತವಾಗಿ ಬೀಳುತ್ತಿತ್ತು. ನಾವೇಕೆ ಸುಳ್ಳು ಹೇಳಬೇಕು, ಬೀಗುತ್ತಿದ್ದಳು.

ಎರಡನೆಯ ದಿನ ಬಿಸಿಲಿಗೆ ಮುಂಚೆ ದಾರಿ ಸವೆಸಬೇಕೆಂದು ನಸುಕಿನಲ್ಲೇ ಬೀಳಗಿಯ ಕಡೆ ಹೊರಟರು. ಗಂಟುಗಳೆಲ್ಲ ಹಿಂದೆ ಬರುವ ಟ್ರ್ಯಾಕ್ಟರಿನಲ್ಲಿ. ಬೆಳಕು ಹರಿಯುವ ಹೊತ್ತಿಗೆ ಅದು ಬಂದು ಸೇರಿಕೊಳ್ಳುತ್ತದೆ, ಆಗ ರೊಟ್ಟಿ ತಿಂದರಾಯಿತು ಅಂತ ಶೇವಂತಿ ಖಾಲಿ ಹೊಟ್ಟೆಗೇ ಗುಳಿಗೆ ನುಂಗಿದಳು. ಅರ್ಧವಲ್ಲ, ಇಡಿಯದು. ದಾಸೋಹದಲ್ಲಿ ಅನ್ನ ಹೆಚ್ಚಾದೀತು, ಬಿಗಿಯಾಗೇ ಇರೋಣ ಎಂಬ ಜಾಣತನ. ಬೆಳಕು ಹರಿಯಿತು. ಟ್ರ್ಯಾಕ್ಟರ್ ಬರಲಿಲ್ಲ. ಹಿಂದೆ ಎಲ್ಲೋ ಕಬ್ಬಿನ ಟ್ರೇಲರ್ ಒಂದು ರಸ್ತೆಗೆ ಅಡ್ಡ ಉರುಳಿ, ಗಾಡಿಗಳೆಲ್ಲ ನಿಂತಿವೆ ಎಂದು ಯಾರೋ ಬೈಕಿನವರು ಹೇಳಿ ಹೋದರು.

ಬಿಸಿಲೇರಿತು. ಜೊತೆಗೆ ಯಾತ್ರೆಗೆ ಬಂದಿದ್ದ ಭಾಗವ್ವ ಪಕ್ಕದಲ್ಲಿ ತನ್ನ ಸೊಸೆಯ ಪುರಾಣ ಬಿಚ್ಚಿದ್ದಳು.

“ಸುಮ್ಮಿರ್ತೀ ಏನ್ ಸ್ವಲ್ಪ?” ಎಂದು ಶೇವಂತಿ ಸಿಡುಕಿದಳು. ಸಿಡುಕುವ ಹೆಂಗಸಲ್ಲ ಅವಳು. ಭಾಗವ್ವ ಬೆಚ್ಚಿ ತಿರುಗಿ ನೋಡಿದರೆ, ಹಣೆಯಿಂದ ಬೆವರು ಧಾರಾಕಾರ ಇಳಿಯುತ್ತಿದೆ, ತುಟಿ ಬಿಳಚಿದೆ, ಸೆರಗು ಹಿಡಿದ ಕೈ ಗಡಗಡ ನಡುಗುತ್ತಿದೆ. ಕಾಲು ಎಲ್ಲಿ ಇಡಬೇಕೋ ಅಲ್ಲಿ ಬೀಳುತ್ತಿಲ್ಲ.

ರಸ್ತೆ ಬದಿಯಲ್ಲಿ ಒಂದು ಬೆಲ್ಲದ ಗಾಣವಿತ್ತು. ಗಾಣದ ಮನೆಯ ಸಿದ್ದಕ್ಕ ಅಲ್ಲಿಯೇ ಚಪ್ಪರ ಹಾಕಿಸಿ ನಡೆಯುವವರಿಗೆ ಕಬ್ಬಿನ ಹಾಲು, ಹೊಸ ಬೆಲ್ಲ ಹಂಚುತ್ತಿದ್ದಳು. ಬೇರೆ ಏನೂ ಇರಲಿಲ್ಲ ಅಲ್ಲಿ. ಭಾಗವ್ವ ಶೇವಂತಿಯನ್ನು ತೋಳು ಹಿಡಿದು ತಂದು ಚಾಪೆಯ ಮೇಲೆ ಕೂಡ್ರಿಸಿದಳು.

ಶೇವಂತಿ ಸಂಚಿಯಿಂದ ಮೀಟರ್ ತೆಗೆದಳು. ಬೆರಳಿಗೆ ಸೂಜಿ ತಾಗಿಸಲು ಎರಡು ಸಲ ತಪ್ಪಿತು. ಮೂರನೆಯ ಸಲ ಹನಿ ಬಂತು. ಐವತ್ತಾರು. ಎಪ್ಪತ್ತರ ಕೆಳಗೆ ಇಳಿದರೆ ತಡ ಮಾಡಬೇಡಿ, ತಲೆ ತಿರುಗಿ ಬಿದ್ದರೆ ಏಳುವುದು ನಿಮ್ಮ ಕೈಯಲ್ಲಿರುವುದಿಲ್ಲ ಎಂದಿದ್ದರು ಡಾಕ್ಟರು.

ಸಿದ್ದಕ್ಕ ಅಂಗೈಯಗಲ ಬೆಲ್ಲ ಹಿಡಿದು ಬಂದಳು. “ತಗೋರಿ ತಂಗಿ, ಬಾಯಾಗ ಹಾಕ್ಕೋರಿ.”

ನಾಲಿಗೆಗೆ ಅಭ್ಯಾಸವಾಗಿತ್ತು. ಅದು ತಾನಾಗಿಯೇ ಹೇಳಿತು: “ಬ್ಯಾಡ್ರಿ. ಮಲ್ಲಯ್ಯಗ ಬಿಟ್ಟೇನಿ.”

ಸಿದ್ದಕ್ಕನ ಕೈ ಹಿಂದಕ್ಕೆ ಹೋಯಿತು. ಸುತ್ತ ನಿಂತವರು ಒಂದು ಹೆಜ್ಜೆ ಸರಿದರು. “ಎಂಥಾ ಭಕ್ತಿ ನೋಡ್ರಿ,” ಎಂದ ಒಬ್ಬ. “ಜೀವಕ್ಕ ಬಂದ್ರೂ ಬಿಡಲಿಲ್ಲಲ್ಲ!” ಎಂದ ಇನ್ನೊಬ್ಬ. ಒಬ್ಬ ಹೆಣ್ಣುಮಗಳು ಬಗ್ಗಿ ಶೇವಂತಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇಷ್ಟು ದಿನ ಓಣಿಯ ಚಹಾದಿಂದ ಅವಳನ್ನು ಕಾದ ಹರಕೆ ಈಗ ಬೆಲ್ಲಕ್ಕೂ ಬಾಯಿಗೂ ನಡುವೆ ನಿಂತಿತ್ತು. ಅದನ್ನು ದಾಟುವ ಧೈರ್ಯ ಅಲ್ಲಿ ಒಬ್ಬರಿಗೂ ಇರಲಿಲ್ಲ. ಬಾಯಿಬಡುಕಿ ಭಾಗವ್ವ ಕೂಡ ಬೆಲ್ಲದ ಕಡೆ ನೋಡುತ್ತ, ಶೇವಂತಿಯ ಕಡೆ ನೋಡುತ್ತ ಅಳಲು ತೊಡಗಿದಳು.

ಶೇವಂತಿಗೆ ಜನರ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ತಲೆಯಲ್ಲಿ ವಿಚಾರಗಳು ಹರಿದ ನೂಲಿನ ಎಳೆಗಳು; ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಹೀಗೇ ಕಣ್ಣು ಮುಚ್ಚಿದರೆ ಎಲ್ಲರೂ ಹೊಗಳುತ್ತಾರೆ ಅಂತ ಒಂದು ಎಳೆ. ಹೊಗಳಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಬೇಕಾಗುತ್ತದೆ ಅಂತ ಇನ್ನೊಂದು. ನಿನಗೆ ಹೊಗಳಿಕೆ ಬೇಕೋ, ಶ್ರೀಶೈಲ ಬೇಕೋ? ಆ ಎಳೆಯನ್ನು ಅವಳು ಗಟ್ಟಿಯಾಗಿ ಹಿಡಿದಳು. ಅವಳಿಗೆ ಶ್ರೀಶೈಲ ಬೇಕಾಗಿತ್ತು. ಇಷ್ಟು ವರ್ಷ ಕಾದದ್ದು ಅದಕ್ಕೆ. ಜೊತೆಗೆ ಸಿಟ್ಟೂ ಬಂತು, ತನ್ನ ಮೇಲೆಯೇ. ಬೇಡ ಎನ್ನುವ ಎದೆಗಾರಿಕೆ ತನಗಿಲ್ಲದೆ ದೇವರನ್ನು ಮುಂದೆ ನಿಲ್ಲಿಸಿದ್ದೆನಲ್ಲ!

“ತಾ ಇಲ್ಲೆ ಬೆಲ್ಲ,” ಎಂದು ಕೈ ಚಾಚಿದಳು.

“ಯವ್ವಾ, ಹರಕಿ...” ಎಂದಳು ಸಿದ್ದಕ್ಕ ಹಿಂಜರಿಯುತ್ತ.

“ಹರಕಿ ನಾ ಹೊತ್ತಾಕಿ, ನಾನ ಇಳಸತೇನಿ. ಮಲ್ಲಯ್ಯ ಬಾ ಅಂದದ್ದು ನನ್ನ. ಇಲ್ಲೇ ಬಿದ್ರ ಅಲ್ಲಿಗೆ ಹೋಗಾಕಿ ಯಾರು? ತಾ!”

ಎಲ್ಲರ ಕಣ್ಣೆದುರು ಬೆಲ್ಲ ಕಚ್ಚಿದಳು. ಜಗಿದಳು, ನುಂಗಿದಳು, ಮೇಲೆ ಅರ್ಧ ಲೋಟ ಕಬ್ಬಿನ ಹಾಲು ಕುಡಿದಳು. ತಿಂಗಳುಗಳ ಮೇಲೆ ನಾಲಿಗೆಗೆ ತಾಗಿದ ಆ ಸಿಹಿ ಅವಳಿಗೆ ರುಚಿಸಲೇ ಇಲ್ಲ. ಔಷಧಿಯಂತೆ ಗಂಟಲಿಗಿಳಿಸಿದಳು. “ಇಷ್ಟ ದಿನ ತಡದು ಈಗ ಕೆಡಿಸಿಕೊಂಡ್ಲು,” ಎಂದು ಯಾರೋ ಗೊಣಗಿದ್ದು ಕೇಳಿತು. ಪಾದ ಮುಟ್ಟಿದ ಹೆಣ್ಣುಮಗಳು ಮೆಲ್ಲಗೆ ಎದ್ದು ಹೋದಳು. ಹೋಗಲಿ.

ಸ್ವಲ್ಪ ಹೊತ್ತಿನಲ್ಲಿ ಬೆವರು ಆರಿತು, ಕೈಯ ನಡುಕ ನಿಂತಿತು. ಮತ್ತೆ ಚುಚ್ಚಿ ನೋಡಿದಳು. ನೂರರ ಹತ್ತಿರ ಬಂದಿತ್ತು. ಸಿದ್ದಕ್ಕ ಮನೆಯಿಂದ ರೊಟ್ಟಿ, ಬ್ಯಾಳಿ ಪಲ್ಯ ತರಿಸಿದಳು. ಶೇವಂತಿ ಕೂತು ಉಂಡಳು. ಉಂಡ ಕೈ ತೊಳೆದು, ಮೊದಲು ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ, ಹರಕೆಯನ್ನೂ, ಹೇಳಿ ಬೈಸಿಕೊಂಡಳು. ನೆರಳಲ್ಲಿ ಕೂತು ಎರಡು ಸಲ ನೋಡಿಕೊಳ್ಳಿ, ಇಳಿಯದಿದ್ದರೆ ನಡೆಯಿರಿ, ನಾಳೆಯಿಂದ ಅರ್ಧ ಗುಳಿಗೆ, ತಿಂದ ಮೇಲೆ, ಎಂದರು ಡಾಕ್ಟರು. ಆಮೇಲೆ ಅವಳ ಬೆರಳು ಸುಭಾಷನ ನಂಬರಿನ ಮೇಲೆ ನಿಂತಿತು.

“ಯಾಕ ಹೇಳತಿ?” ಎಂದು ಭಾಗವ್ವ ಪಿಸುಗುಟ್ಟಿದಳು. “ಆರಾಮ ಆತಲ್ಲ. ಅವಗ ಹ್ಯಾಂಗ ಗೊತ್ತಾಗತೈತಿ?”

“ಮಾತ ಕೊಟ್ಟೇನಿ ಯಕ್ಕಾ,” ಎಂದು ಶೇವಂತಿ ಗುಂಡಿ ಒತ್ತಿದಳು.

ಸುಭಾಷ್ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬಂದ. ಬೈಕ್ ನಿಲ್ಲಿಸಿದವನು ಹೆಲ್ಮೆಟ್ ಸಹ ತೆಗೆಯಲಿಲ್ಲ. ಹೆದರಿದ ಗಂಡಸರು ಹೆಚ್ಚಾಗಿ ಸಿಟ್ಟಿನವರಂತೆ ಕಾಣುತ್ತಾರೆ.

“ಹತ್ತ ಯವ್ವಾ.”

“ಕೂಡ್ರು, ನೀರ ಕುಡಿ.”

“ಮಾತ ಕೊಟ್ಟಿದ್ದಿ ಬೇ.”

“ಫೋನ್ ಮಾಡತೇನಂತ ಕೊಟ್ಟಿದ್ದೆ. ಮಾಡೇನಿ. ಗಾಡಿ ಹತ್ತಬೇಕಂತ ನೀ ಅಂದಿ, ಹತ್ತತೇನಂತ ನಾ ಅಂದಿಲ್ಲ. ಕೇಳಿಲ್ಲೆ, ತಪ್ಪ ನಂದು. ಗುಳಿಗಿ ಇಡೀ ನುಂಗಿದೆ, ಹೊಟ್ಟಿ ಖಾಲಿ ಇಟ್ಟೆ, ಗ್ಲುಕೋಸ್ ಮನ್ಯಾಗ ಬಿಟ್ಟ ಬಂದೆ. ಮೂರೂ ತಪ್ಪ ಗೊತ್ತಾದವು. ಗೊತ್ತಾಗಿಲ್ಲಂದ್ರ ನಾನ ಗಾಡಿ ಹತ್ತತಿದ್ದೆ.”

“ನಾಳೆ ಮತ್ತ ಹಿಂಗ ಆದ್ರ? ಮುಂದ ನಾ ಬರಾಕ ಆಗದ ಜಾಗಾದಾಗ ಆದ್ರ?” ಅವನ ದನಿ ಒಡೆಯಿತು. “ನಿನಗ ಯಾರರ ಒಂದ್ ಕಪ್ ಚಾ ಕೊಟ್ರ ಬ್ಯಾಡ ಅನ್ನಾಕ ಬರೂದಿಲ್ಲ ಯವ್ವಾ. ಇಷ್ಟ ದಿನ ಆ ಹರಕಿ ಇತ್ತು. ಈಗ ಅದೂ ಹೋತು. ಮುಂದ ಬರೇ ಸಿಹಿ ಐತಿ. ಏರಿದ್ರ?”

ಅವನು ಹೇಳಿದ್ದು ಖರೆ. ಮಗ ತನ್ನನ್ನು ಇಷ್ಟು ಸರಿಯಾಗಿ ನೋಡಿದ್ದಾನೆ ಎಂದು ಅವಳಿಗೆ ನಾಚಿಕೆಯೂ ಆಯಿತು, ಪ್ರೀತಿಯೂ ಉಕ್ಕಿತು.

ಅಷ್ಟರಲ್ಲಿ ದೊಡ್ಡ ಕೆಟಲಿ ಹಿಡಿದು ಸಿದ್ದಕ್ಕನ ಮಗ ಮಾಂತೇಶ ಬಂದ. ಶೇವಂತಿಯ ಮಗ ಬಂದಿದ್ದಾನೆಂದು ಸಿದ್ದಕ್ಕ ವಿಶೇಷವಾಗಿ ಚಹಾ ಮಾಡಿಸಿದ್ದಳು, ಹೊಸ ಬೆಲ್ಲ ಹಾಕಿ. ಸುಭಾಷನಿಗೊಂದು ಕಪ್ಪು ಕೊಟ್ಟು, ಇನ್ನೊಂದನ್ನು ಶೇವಂತಿಯ ಕೈಗೆ ಹಿಡಿಸಿದ.

“ನನಗ ಬ್ಯಾಡಪಾ.”

“ಈಗ ಹರಕಿ ಇಲ್ಲಲ್ರೀ ಕಾಕು! ಬೆಲ್ಲ ತಿಂದೀರಿ, ಚಾ ಏನ ಮಾಡತೈತಿ? ಕುಡೀರಿ.”

“ಬೆಲ್ಲ ತಿಂದದ್ದು ಶುಗರ್ ಇಳದಿತ್ತಂತ. ಈಗ ಸರಿ ಐತಿ.”

ಸಿದ್ದಕ್ಕ ತಾನೇ ಎದ್ದು ಬಂದಳು. “ಅರ್ಧಾ ಕಪ್ ತಗೋ ನಮ್ಮವ್ವಾ. ಮನಿಮಟ ಬಂದು ಚಾ ಕುಡೀಲಾರದ ಹೋದ್ರ ನನಗ ಛಲೋ ಅನಸೂದಿಲ್ಲ.”

ಅದೇ ಮಾತು. ಸಣ್ಣದಾಗುತ್ತಿರುವ ಅದೇ ಮುಖ. ಅದೂ ಎಂಥವಳದು! ಸ್ವಲ್ಪ ಹೊತ್ತಿನ ಹಿಂದೆ ತನಗೆ ಬೆಲ್ಲ ಕೊಟ್ಟು, ರೊಟ್ಟಿ ಉಣಿಸಿದವಳದು. ಮಲ್ಲಯ್ಯನ ಹೆಸರು ಶೇವಂತಿಯ ತುಟಿಯವರೆಗೆ ಬಂತು. ಅವಳು ಅದನ್ನು ಅಲ್ಲೇ ತಡೆದಳು.

“ಯಕ್ಕಾ, ನನಗ ಶುಗರ್ ಐತಿ,” ಎಂದಳು, ಚಪ್ಪರದ ಆಚೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. “ದೇವರಿಗೆ ಬಿಟ್ಟಿಲ್ಲ, ಡಾಕ್ಟರ್ ಬ್ಯಾಡ ಅಂದಾರಂತಲೂ ಅಲ್ಲ. ನಾ ಒಲ್ಲೆ ಅಂತೇನಿ. ನೀ ಸಿಟ್ಟಾದ್ರೂ ಒಲ್ಲೆ, ಅತ್ತರೂ ಒಲ್ಲೆ. ಮಜ್ಜಿಗಿ ಇದ್ರ ಕೊಡು.”

ಕಪ್ಪನ್ನು ಕೆಳಗಿಟ್ಟಳು. ಸಿದ್ದಕ್ಕನ ಮುಖ ನಿಜವಾಗಿಯೂ ಸಣ್ಣದಾಯಿತು. ಶೇವಂತಿ ಅದನ್ನು ನೋಡುತ್ತಲೇ ಕೂತಳು, ಕಣ್ಣು ತಪ್ಪಿಸಲಿಲ್ಲ. ಸಿದ್ದಕ್ಕ ಏನೋ ಗೊಣಗುತ್ತ ಒಳಗೆ ಹೋಗಿ ಮಜ್ಜಿಗೆಯ ತಂಬಿಗೆ ತಂದಿಟ್ಟಳು. ಆಕಾಶವೇನೂ ಕಳಚಿ ಬೀಳಲಿಲ್ಲ.

ಸುಭಾಷ್ ತನ್ನ ಚಹಾ ಕುಡಿಯುವುದನ್ನೇ ಮರೆತು ಅವ್ವನನ್ನು ನೋಡುತ್ತಿದ್ದ. ಆಮೇಲೆ ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು, ಅವಳ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಅವಳ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳಿನ ಸಂದುಗಳನ್ನು ಒಂದೊಂದಾಗಿ ನೋಡಿದ. ಗಾಯವಿರಲಿಲ್ಲ. ಸಿದ್ದಕ್ಕನಿಂದ ಒಂದು ಉಂಡೆ ಬೆಲ್ಲ ಕೇಳಿ ಇಸಿದುಕೊಂಡು, ಕಾಗದದಲ್ಲಿ ಸುತ್ತಿ, ಅವ್ವನ ಸಂಚಿಯಲ್ಲಿ ಮೀಟರಿನ ಪಕ್ಕಕ್ಕೆ ತುರುಕಿದ.

“ದಿನಾ ಎರಡ ಸಲ ಫೋನ್ ಮಾಡಬೇಕು,” ಎಂದ.

“ಮಾಡತೇನಿ.”

“ಇಳದ್ರ ತಿನ್ನಬೇಕು. ಯಾರ ಏನರ ಅನ್ನಲಿ.”

“ತಿಂತೇನಿ. ಏರಸಾಕ ಬಂದ್ರ ಒಲ್ಲೆ ಅಂತೇನಿ. ಕೇಳಿದ್ಯಲ್ಲ?”

“ಕೇಳಿದೆ,” ಎಂದು ಅವನು ಮೊದಲ ಸಲ ನಕ್ಕ.

ಬಿಸಿಲು ಇಳಿಮುಖವಾದಾಗ ಶೇವಂತಿ ಮತ್ತೊಮ್ಮೆ ಬೆರಳು ಚುಚ್ಚಿ ಮಗನಿಗೆ ತೋರಿಸಿದಳು. ಸರಿಯಾಗಿತ್ತು. ಎದ್ದು ಸೆರಗು ಬಿಗಿದಳು. ಭಾಗವ್ವ ಸೊಸೆಯ ಪುರಾಣವನ್ನು ಬಿಟ್ಟಲ್ಲಿಂದ ಶುರು ಮಾಡಿದಳು. ಈ ಸಲ ಶೇವಂತಿ ಹೂಂಗುಟ್ಟಿದಳು. ಸುಭಾಷ್ ಬೈಕ್ ತಿರುಗಿಸಿ ಜಮಖಂಡಿಯ ಕಡೆ ಹೊರಟ. ಹಿಂದಿನ ಸೀಟು ಖಾಲಿಯಿತ್ತು.